ಸಂತೆಯ ಚಿತ್ರಕ್ಕೊಂದು ಪ್ರತಿ

ಕನ್ನಡದಲ್ಲಿ ಒಂದೇ ಕೆಲಸಕ್ಕೆ ಎರಡು ಹೆಸರುಗಳಿವೆ. ಎರಡಕ್ಕೂ ಸಿಗುವ ಮರ್ಯಾದೆ ಬೇರೆ. ನಕಲು ಎಂದೊಡನೆ ಪರೀಕ್ಷೆಯ ಕೊಠಡಿ, ಮಡಿಸಿದ ಚೀಟಿ, ಡಿಬಾರು ನೆನಪಾಗುತ್ತವೆ. ಪ್ರತಿ ಎಂದರೆ ಹಾಗಲ್ಲ. ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದ ಅತ್ತಿಮಬ್ಬೆಯನ್ನು ಸಾವಿರ ವರ್ಷ ಕಳೆದರೂ ದಾನಚಿಂತಾಮಣಿ ಎಂದೇ ನೆನೆಯುತ್ತೇವೆ. ಸಂಗೀತದಲ್ಲಿ ಗುರು ಹಾಡಿದ್ದನ್ನು ಸಂಗತಿ ಸಂಗತಿಯಾಗಿ ಒಪ್ಪಿಸುವುದಕ್ಕೆ ಪಾಠಾಂತರ ಎಂಬ ಗೌರವದ ಹೆಸರಿದೆ. ಮಗುವಿಗೆ ಓನಾಮ ಕಲಿಸುವಾಗ ಬರೆದುಕೊಟ್ಟ ‘ಅ’ದ ಮೇಲೆಯೇ ಬೆರಳಾಡಿಸಿ ತಿದ್ದಿಸುತ್ತೇವೆ, ನಿನ್ನದೇ ಆದ ‘ಅ’ ಬರೆ ಎಂದು ಯಾರೂ ಹೇಳುವುದಿಲ್ಲ. ಚಿತ್ರಕಲೆಗೆ ಬಂದಾಗ ಮಾತ್ರ ಈ ಬುದ್ಧಿಯೆಲ್ಲ ಎಲ್ಲಿ ಹೋಗುತ್ತದೋ! ಇನ್ನೊಬ್ಬರ ಚಿತ್ರ ನೋಡಿ ಬರೆದರೆ ಅದು ಕದ್ದದ್ದು, ಸ್ವಂತಿಕೆ ಇಲ್ಲದವರು ಮಾಡುವ ಕೆಲಸ ಎಂಬ ತೀರ್ಮಾನ ಮೊದಲೇ ಸಿದ್ಧವಾಗಿರುತ್ತದೆ. ನನ್ನ ವಾದ ಇದಕ್ಕೆ ಎದುರಾದದ್ದು. ತೈಲವರ್ಣ ಕಲಿಯಲು ಹೊರಟವರು ಆದಷ್ಟು ಬೇಗ ಒಂದು ದೊಡ್ಡ ಚಿತ್ರವನ್ನು ಪ್ರತಿ ಮಾಡಬೇಕು. ಅದೂ ಒಂಟಿ ಮುಖವನ್ನಾಗಲಿ ಹೂದಾನಿಯನ್ನಾಗಲಿ ಅಲ್ಲ, ಜನ ಕಿಕ್ಕಿರಿದ ಮಾರುಕಟ್ಟೆಯ ವಾಸ್ತವವಾದಿ ಚಿತ್ರವನ್ನು. ಎಷ್ಟೊಂದನ್ನು ಬರೆಯದೆ ಬಿಟ್ಟಿದ್ದಕ್ಕೆ ಆ ಚಿತ್ರ ತುಂಬಿದಂತೆ ಕಾಣುತ್ತಿದೆ ಎಂಬ ಗುಟ್ಟು ಕೈಗೆ ತಿಳಿಯುವುದು ಅಲ್ಲಿಯೇ.

ಉದಾಹರಣೆಗೆ ಒಂದೇ ಚಿತ್ರವನ್ನು ಇಟ್ಟುಕೊಳ್ಳೋಣ. ಪ್ಯಾರಿಸ್ಸಿನ ಪೆತಿ ಪಾಲೆ ಸಂಗ್ರಹಾಲಯದಲ್ಲಿರುವ ‘ಲೆ ಆಲ್’ ಎಂಬ ತೈಲವರ್ಣ. ಬರೆದವನು ಲಿಯೊಂ ಲೆರ್ಮಿತ್, 1844ರಲ್ಲಿ ಹುಟ್ಟಿ 1925ರಲ್ಲಿ ತೀರಿಕೊಂಡ ಫ್ರೆಂಚ್ ಚಿತ್ರಕಾರ. ಲೆ ಆಲ್ ಎಂಬುದು ಆ ನಗರದ ನಟ್ಟನಡುವೆ ಇದ್ದ ದೊಡ್ಡ ಸಗಟು ಮಾರುಕಟ್ಟೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ವಿಕ್ತೋರ್ ಬಾಲ್ತಾರ್ ಎಂಬ ವಾಸ್ತುಶಿಲ್ಪಿ ಅಲ್ಲಿ ಕಬ್ಬಿಣ ಮತ್ತು ಗಾಜಿನ ಮಂಟಪಗಳನ್ನು ಕಟ್ಟಿಸಿದ; 1873ರಲ್ಲಿ ಎಮಿಲ್ ಝೋಲಾ ಒಂದು ಇಡೀ ಕಾದಂಬರಿಯನ್ನು ಅದರೊಳಗೇ ನಡೆಸಿದ. ಲೆರ್ಮಿತ್ ನಗರಸಭೆಯ ಭವನಕ್ಕೆಂದು ಬರೆದ ಈ ಚಿತ್ರ 1895ರ ಸಲೋನ್ ಪ್ರದರ್ಶನದಲ್ಲಿ ಜನರೆದುರು ಬಂತು. ಎತ್ತರ ಸುಮಾರು 4 ಮೀಟರ್, ಅಗಲ 6 ಮೀಟರಿಗೂ ಮೇಲೆ. ತರಕಾರಿಯ ರಾಶಿಗಳು, ಮಾರುವ ಹೆಂಗಸರು, ಹೊರೆ ಹೊತ್ತ ಹಮಾಲರು, ಅವರ ಹಿಂದೆ ಕದಲುವ ಜನಸಾಗರ. ಮೊದಲ ನೋಟಕ್ಕೆ ಇದು ಕಂಡದ್ದನ್ನೆಲ್ಲ ಬರೆದಿಟ್ಟ ಚಿತ್ರ ಅನ್ನಿಸುತ್ತದೆ. ಲೆರ್ಮಿತ್ ಇದ್ದಿಲಿನ ಚಿತ್ರಗಳಿಗೆ ಹೆಸರಾದವನು ಎಂಬುದನ್ನು ಮಾತ್ರ ಮರೆಯಬಾರದು. ಕಪ್ಪು ಬಿಳುಪಿನಲ್ಲಿ ಇಡೀ ಲೋಕವನ್ನು ಹಿಡಿಯಬಲ್ಲವನಿಗೆ ಬಣ್ಣ ಎರಡನೆಯ ಮಾತು. ನೆರಳು ಬೆಳಕಿನ ಲೆಕ್ಕವೇ ಮೊದಲನೆಯದು. ಅವನ ರೈತರನ್ನು, ಕೂಲಿಯವರನ್ನು ವ್ಯಾನ್ ಗೋ ತನ್ನ ಪತ್ರಗಳಲ್ಲಿ ಮತ್ತೆ ಮತ್ತೆ ಮೆಚ್ಚಿಕೊಂಡಿದ್ದಾನೆ.

ಇಂಥ ಚಿತ್ರಕ್ಕೆ ಪ್ರತಿ ಮಾಡಲು ಕುಳಿತವರಿಗೆ ಮೊದಲ ಪೆಟ್ಟು ಅಳತೆಯಿಂದಲೇ ಬೀಳುತ್ತದೆ. ಮನೆಯಲ್ಲಿ ಇಟ್ಟುಕೊಳ್ಳಬಹುದಾದದ್ದು ಹೆಚ್ಚೆಂದರೆ 3 ಅಡಿ ಅಗಲದ ಕ್ಯಾನ್ವಾಸ್. ಅಂದರೆ ಮೂಲದ ಏಳನೆಯ ಒಂದು ಪಾಲು. ಮೂಲದಲ್ಲಿ ಅಂಗೈಯಗಲ ಇರುವ ತಲೆ ಇಲ್ಲಿ ಒಂದು ಬೆರಳಿನಷ್ಟೂ ಇರುವುದಿಲ್ಲ. ಆಗ ಕಣ್ಣು, ಮೂಗು, ತುಟಿ ಎಂದು ಎಣಿಸುತ್ತ ಹೋದರೆ ಹಿಂಬದಿಯ ಜನರೆಲ್ಲ ಗುಂಡುಸೂಜಿಯಿಂದ ಕೊರೆದ ಗೊಂಬೆಗಳಾಗುತ್ತಾರೆ. ಮತ್ತೆ ಮೂಲವನ್ನು ನೋಡಬೇಕು; ಈ ಸಲ ಕಣ್ಣನ್ನು ಅರ್ಧ ಮುಚ್ಚಿ. ಹಾಗೆ ನೋಡಿದಾಗ ನೂರು ಜನರ ಬದಲು ನಾಲ್ಕೈದು ದೊಡ್ಡ ಗುಪ್ಪೆಗಳು ಕಾಣುತ್ತವೆ: ಇಲ್ಲೊಂದು ಕತ್ತಲ ಗುಂಪು, ಅಲ್ಲೊಂದು ಬೆಳಕಿನ ಪಟ್ಟಿ, ನಡುವೆ ಬೂದು. ಒಬ್ಬನ ಭುಜ ಎಲ್ಲಿ ಮುಗಿದು ಇನ್ನೊಬ್ಬನ ಬೆನ್ನು ಎಲ್ಲಿ ಶುರುವಾಗುತ್ತದೆ ಎಂದು ಹುಡುಕಿದರೆ ಗೆರೆಯೇ ಸಿಗುವುದಿಲ್ಲ. ಅಂಚು ಕರಗಿಹೋಗಿದೆ, ಆದರೂ ಅಲ್ಲಿ ಇಬ್ಬರಿದ್ದಾರೆಂದು ನೋಡುವವರಿಗೆ ಸಂಶಯವಿಲ್ಲ. ಎರಡು ತೇಪೆ ಬಣ್ಣದಲ್ಲಿ ಒಂದು ತಲೆ, ಒಂದು ಎಳೆತದಲ್ಲಿ ಒಂದು ತೋಳು. ನಿಜವಾದ ಮುಖ ಇರುವುದು ಮುಂದಿನ ಕೆಲವರಿಗೆ ಮಾತ್ರ, ಉಳಿದವರಿಗೆ ಮುಖವನ್ನು ಕೊಡುತ್ತಿರುವುದು ನಮ್ಮ ಕಣ್ಣು. ಎಲ್ಲವನ್ನೂ ಬರೆಯುವುದೇ ವಾಸ್ತವವಾದ ಎಂದು ತಿಳಿದವರ ನಂಬಿಕೆ ಈ ಹಂತದಲ್ಲಿ ಕಳಚಿಬೀಳುತ್ತದೆ. ಉಪನ್ಯಾಸ ಕೇಳಿ ಈ ಮಾತನ್ನು ಒಪ್ಪಿಕೊಳ್ಳುವುದು ಸುಲಭ; ಆದರೆ ಮೂರು ದಿನ ಕುಳಿತು ಬರೆದ ಮುಖವನ್ನು ತಾವೇ ಚಿಂದಿಯಿಂದ ಒರೆಸಿ ಹಾಕಿದವರಿಗೆ ಆಗುವ ಮನವರಿಕೆಯೇ ಬೇರೆ.

ಇದರ ಜೊತೆಗೆ ಜ್ಯಾಮಿತಿಯ ಒಂದು ಪಾಠವೂ ತಾನಾಗಿ ಬರುತ್ತದೆ. ಸಮತಟ್ಟಾದ ನೆಲದಲ್ಲಿ ನಿಂತು ಜನರನ್ನು ನೋಡುವ ಚಿತ್ರದಲ್ಲಿ, ಹೆಚ್ಚು ಕಡಿಮೆ ಒಂದೇ ಎತ್ತರದ ಎಲ್ಲರ ಕಣ್ಣುಗಳೂ ದಿಗಂತರೇಖೆಯ ಮೇಲೇ ಬರುತ್ತವೆ, ಹತ್ತಿರದವರಿರಲಿ ದೂರದವರಿರಲಿ. ದೂರ ಹೋದಂತೆ ಮೇಲೇರುವುದು ಪಾದಗಳು. ಕಲಿಯುವವರು ತಲೆಯ ಮೇಲೆ ತಲೆ ಪೇರಿಸಿ ಗುಂಪು ತೋರಿಸುತ್ತಾರೆ, ಕೊನೆಗೆ ಅದು ಗ್ಯಾಲರಿಯಲ್ಲಿ ಕುಳಿತ ಪ್ರೇಕ್ಷಕರಂತೆ ಕಾಣುತ್ತದೆ. ಮಾರುಕಟ್ಟೆಯ ಒಳ್ಳೆಯ ಚಿತ್ರವೊಂದನ್ನು ಚೌಕ ಚೌಕ ಮಾಡಿ ಇಳಿಸಿಕೊಂಡವರು ಈ ತಪ್ಪನ್ನು ಮತ್ತೆ ಮಾಡುವುದು ಕಡಿಮೆ. ಯಾರು ಕುಳಿತಿದ್ದಾರೆ, ಯಾರು ಬಗ್ಗಿದ್ದಾರೆ, ಯಾರ ತಲೆಯ ಮೇಲೆ ಹೊರೆಯಿದೆ ಎಂಬುದರಿಂದಲೇ ಆ ರೇಖೆ ಮೇಲೆ ಕೆಳಗೆ ಮುರಿದು ಗುಂಪಿಗೆ ಜೀವ ಬರುತ್ತದೆಂದು ಅವರಿಗೆ ಕಂಡಿರುತ್ತದೆ.

ತೈಲವರ್ಣಕ್ಕೇ ಸೇರಿದ ಕಾರಣವೂ ಒಂದಿದೆ. ಜಲವರ್ಣ ನೀರು ಆರಿದೊಡನೆ ಒಣಗುತ್ತದೆ. ಅಗಸೆ ಎಣ್ಣೆಯಲ್ಲಿ ಕಲಸಿದ ಬಣ್ಣ ಹಾಗೆ ಆರುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಅದಕ್ಕೆ ದಿನಗಳು ಬೇಕು, ದಪ್ಪ ಬಣ್ಣಕ್ಕೆ ಇನ್ನೂ ಹೆಚ್ಚು. ಹಾಗಾಗಿ ಇಲ್ಲಿ ಯಾವುದರ ಮೇಲೆ ಯಾವುದು ಎಂಬ ಕ್ರಮ ತಪ್ಪುವಂತಿಲ್ಲ. ಮೊದಲು ಅಂಬರ್‌ನಂಥ ಬೇಗ ಒಣಗುವ ಕಂದು ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳುವಾಗಿ ಕರಗಿಸಿ ನೆರಳು ಬೆಳಕನ್ನಷ್ಟೇ ಹಾಕಿಕೊಳ್ಳಬೇಕು, ಮೇಲಿನ ಪದರಗಳಿಗೆ ಹೋದಂತೆ ಎಣ್ಣೆ ಹೆಚ್ಚಬೇಕು. ಉಲ್ಟಾ ಮಾಡಿದರೆ ಕೆಳಗಿನ ಪದರ ಒಣಗುವಾಗ ಮೇಲಿನದು ಬಿರಿಯುತ್ತದೆ. ಒಂದು ಸೇಬನ್ನು ಒಂದೇ ಸಲ ಕುಳಿತು ಹಸಿ ಬಣ್ಣದಲ್ಲೇ ಮುಗಿಸಿಬಿಡಬಹುದು. ಆಗ ಈ ಶಿಸ್ತು ಕಲಿಯುವ ಅಗತ್ಯವೇ ಬೀಳುವುದಿಲ್ಲ. ಸಂತೆಯ ಚಿತ್ರ ಒಂದೇ ಸಲ ಕುಳಿತರೆ ಮುಗಿಯುವುದಿಲ್ಲ. ಎಡಗಡೆ ಒಣಗಿರುತ್ತದೆ, ನಡುವೆ ಅಂಟಂಟು, ಬಲಗಡೆ ಹಸಿ. ಎಲ್ಲಿ ಉಜ್ಜಬಹುದು, ಎಲ್ಲಿ ಕಾಯಬೇಕು, ಎಲ್ಲಿ ಹಸಿಯ ಮೇಲೆ ಹಸಿ ಎಳೆದು ಅಂಚು ಕರಗಿಸಬಹುದು ಎಂದು ದಿನವೂ ನಿರ್ಧರಿಸುತ್ತ ಹೋಗಬೇಕು. ಸಂತೆ ಹೊತ್ತಿಗೆ ಮೂರು ಮೊಳ ನೇಯುವವರಿಗೆ ಸಂತೆಯ ಚಿತ್ರ ದಕ್ಕುವುದಿಲ್ಲ.

ಇಷ್ಟು ಕಷ್ಟದ್ದನ್ನು ಆರಂಭದವರ ಕೈಗೆ ಕೊಡುವುದೇ ತಪ್ಪು, ಗೋಳ, ಘನ, ಮಣ್ಣಿನ ಮಡಕೆ ಮೊದಲು ಬರಲಿ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ನಿಜವಿದೆ. ಬ್ರಷ್ ಹಿಡಿಯಲು ಬಾರದವರು ಲೆರ್ಮಿತ್‌ನ ಮುಂದೆ ಕೂರಬಾರದು. ಕೆಲವು ತಿಂಗಳ ಡ್ರಾಯಿಂಗ್, ನಾಲ್ಕಾರು ಮಡಕೆ ಬೇಕೇ ಬೇಕು. ಆದರೆ ಒಂದೊಂದೇ ವಸ್ತುವನ್ನು ಬರೆದು ಪಳಗಿದವರಿಗೆ ಹತ್ತು ವಸ್ತುಗಳ ಚಿತ್ರ ತಾನಾಗಿ ಬರುತ್ತದೆ ಎಂಬ ಲೆಕ್ಕ ಸರಿಯಲ್ಲ. ಪದಗಳನ್ನು ಕಲಿತ ಮಾತ್ರಕ್ಕೆ ವಾಕ್ಯ ಬರುತ್ತದೆಯೇ? ಒಂಟಿ ಮಡಕೆಗೆ ಚಿತ್ರದಲ್ಲಿ ಸ್ಪರ್ಧಿಗಳಿಲ್ಲ, ಅದಕ್ಕೆ ಎಷ್ಟು ಹೊಳಪು ಕೊಟ್ಟರೂ ನಡೆಯುತ್ತದೆ. ಸಂತೆಯಲ್ಲಿ ಪ್ರತಿಯೊಂದು ಹೊಳಪೂ ಇನ್ನೊಂದರಿಂದ ಕಸಿದುಕೊಂಡದ್ದು. ಒಬ್ಬ ಹೆಂಗಸಿನ ತಲೆವಸ್ತ್ರದ ಬಿಳುಪು ಅತಿ ಬಿಳುಪಾದರೆ ಅದರ ಪಕ್ಕದ ಎಲೆಕೋಸಿನ ರಾಶಿ ಸಾಯುತ್ತದೆ. ಇದನ್ನು ಕಲಿಯಲು ಇಡೀ ಚಿತ್ರ ಬೇಕಿಲ್ಲ. ಮೂಲೆಯ ಒಂದು ಚದರ ಮೀಟರಿನ ತುಂಡನ್ನು ಮೊದಲು ಪ್ರತಿ ಮಾಡಿ, ಕಂದು ಬಣ್ಣವೊಂದರಲ್ಲೇ ಇಡೀ ಚಿತ್ರದ ಸಣ್ಣ ಕರಡು ಮಾಡಿ, ಆಮೇಲೆ ಪೂರ್ಣಕ್ಕೆ ಕೈ ಹಾಕಬಹುದು. ಬಿಳಿ, ಹಳದಿ ಓಕರ್, ಒಂದು ಕೆಂಪು, ಒಂದು ಕಪ್ಪು: ನಾಲ್ಕು ಬಣ್ಣದಲ್ಲೇ ಬಹಳ ದೂರ ಹೋಗಬಹುದೆಂದು ಸ್ವೀಡನ್ನಿನ ಆಂಡರ್ಸ್ ಜೋರ್ನ್ ತೋರಿಸಿಕೊಟ್ಟಿದ್ದಾನೆ.

ಸ್ವಂತಿಕೆ ಹಾಳಾಗುತ್ತದೆ ಎಂಬುದು ಹೆಚ್ಚು ಜೋರಾಗಿ ಕೇಳುವ ಆಕ್ಷೇಪ. ಚರಿತ್ರೆ ಅದಕ್ಕೆ ಬೆಂಬಲ ಕೊಡುವುದಿಲ್ಲ. ಲೂವ್ರ್ ಅರಮನೆ 1793ರಲ್ಲಿ ಸಂಗ್ರಹಾಲಯವಾದಾಗ ಕ್ರಾಂತಿಯ ಹತ್ತು ದಿನಗಳ ವಾರದಲ್ಲಿ ಸಾರ್ವಜನಿಕರಿಗೆ ಸಿಕ್ಕದ್ದು ಮೂರೇ ದಿನ. ಹೆಚ್ಚಿನ ಪಾಲು ಪ್ರತಿ ಮಾಡುವ ಕಲಾವಿದರಿಗೆ ಮೀಸಲು. ಅಲ್ಲಿ ಈಸಲ್ ಇಟ್ಟು ಕುಳಿತವರ ಪಟ್ಟಿಯಲ್ಲಿ ಮಾನೆ, ದೆಗಾ, ಸೆಜಾನ್ ಇದ್ದಾರೆ. ಫಾಂತ್ಯಾಂ ಲಾತೂರ್ ಎಂಬವನು ವೆರೊನೇಸಿಯ ‘ಕಾನಾದ ಮದುವೆ’ಯನ್ನು, ಅಂದರೆ ಸುಮಾರು 10 ಮೀಟರ್ ಅಗಲದ ಒಂದು ಜನಜಾತ್ರೆಯನ್ನೇ, ಹಲವು ಸಲ ಪ್ರತಿ ಮಾಡಿದ, ಕೊನೆಗೆ ಅವನಿಗೆ ಹೆಸರು ಬಂದದ್ದು ಮೌನವಾದ ಹೂವಿನ ಚಿತ್ರಗಳಿಂದ. ಮಾತೀಸ್ 1893ರಲ್ಲಿ ಡಚ್ ಚಿತ್ರಕಾರ ಡೆ ಹೇಮ್‌ನ ಊಟದ ಮೇಜಿನ ಚಿತ್ರಕ್ಕೆ ನಿಷ್ಠೆಯ ಪ್ರತಿಯೊಂದನ್ನು ಮಾಡಿದ್ದ. ಇಪ್ಪತ್ತೆರಡು ವರ್ಷಗಳ ನಂತರ, 1915ರಲ್ಲಿ, ಅದೇ ಚಿತ್ರವನ್ನು ತನ್ನ ಭಾಷೆಯಲ್ಲಿ ಒಡೆದು ಕಟ್ಟಿದ. ಮೊದಲ ಪ್ರತಿ ಇಲ್ಲದಿದ್ದರೆ ಎರಡನೆಯದಕ್ಕೆ ಒಡೆಯಲು ಏನಿರುತ್ತಿತ್ತು? ಕಲಿಕೆಯ ವಯಸ್ಸು ಮುಗಿದವರೂ ಈ ಕೆಲಸ ಬಿಟ್ಟಿಲ್ಲ. ರೂಬೆನ್ಸ್ 1628-29ರಲ್ಲಿ ಮ್ಯಾಡ್ರಿಡ್‌ಗೆ ಹೋದಾಗ ಐವತ್ತು ದಾಟಿದ್ದ, ಯುರೋಪಿನ ರಾಜರೆಲ್ಲ ಅವನ ಚಿತ್ರಕ್ಕೆ ಕಾಯುತ್ತಿದ್ದರು. ಆತ ಅಲ್ಲಿ ಕುಳಿತು ಟಿಷಿಯನ್‌ನ ಚಿತ್ರಗಳಿಗೆ ಪ್ರತಿ ಮಾಡಿದ. ಟಿಷಿಯನ್‌ನ ಆದಾಮ್ ಮತ್ತು ಈವ್, ಅದಕ್ಕೆ ರೂಬೆನ್ಸ್ ಮಾಡಿದ ಪ್ರತಿ, ಎರಡೂ ಇವತ್ತು ಪ್ರಾಡೊ ಸಂಗ್ರಹಾಲಯದಲ್ಲೇ ಇವೆ. ಪ್ರತಿಯಲ್ಲಿ ಆದಾಮ್ ಕುಳಿತ ಭಂಗಿ ಬದಲಾಗಿದೆ. ಮೂಲದಲ್ಲಿ ಇಲ್ಲದ ಒಂದು ಗಿಳಿ ಬಂದು ಮರದಲ್ಲಿ ಕೂತಿದೆ.

ನಮ್ಮ ನಾಡಿನಲ್ಲಿ ಈ ಆಕ್ಷೇಪಕ್ಕೆ ಇನ್ನೊಂದು ಗಾಯದ ನೆನಪಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಬ್ರಿಟಿಷರು ಹತ್ತೊಂಬತ್ತನೆಯ ಶತಮಾನದಲ್ಲಿ ಮದರಾಸು, ಕಲ್ಕತ್ತೆ, ಮುಂಬಯಿಗಳಲ್ಲಿ ತೆರೆದ ಕಲಾಶಾಲೆಗಳಲ್ಲಿ ಯುರೋಪಿನ ಪ್ರತಿಮೆಗಳ ಪ್ಲಾಸ್ಟರ್ ಅಚ್ಚುಗಳನ್ನು ವರ್ಷಗಟ್ಟಲೆ ತಿದ್ದಿಸುತ್ತಿದ್ದರು. ಕಲಿತವರ ಕೈ ನಯವಾಯಿತು, ಕಣ್ಣು ಬಾಡಿಗೆಯದಾಯಿತು. ಇ. ಬಿ. ಹ್ಯಾವೆಲ್ 1896ರಲ್ಲಿ ಕಲ್ಕತ್ತೆಯ ಶಾಲೆಗೆ ಬಂದು ಆ ಪಠ್ಯವನ್ನೇ ಬುಡಮೇಲು ಮಾಡಿದ. ಅವನೀಂದ್ರನಾಥ ಠಾಕೂರರ ಬಳಗ ಅಲ್ಲಿಂದ ಬೆಳೆಯಿತು. ಮೈಸೂರಿನಿಂದ ಹೋದ ಕೆ. ವೆಂಕಟಪ್ಪನವರು ಆ ಬಳಗದ ಶಿಷ್ಯರು. ಆದರೆ ಯುರೋಪಿನ ನಕಲು ಬೇಡವೆಂದ ಈ ಶಿಷ್ಯರು ಆಮೇಲೆ ಏನು ಮಾಡಿದರು ನೋಡಿ. ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್, ವೆಂಕಟಪ್ಪ ಅಜಂತೆಗೆ ಹೋಗಿ, ಲೇಡಿ ಹೆರಿಂಗ್‌ಹ್ಯಾಮ್ ನಡೆಸುತ್ತಿದ್ದ ಕೆಲಸದಲ್ಲಿ ಸೇರಿ, ಗುಹೆಗಳ ಭಿತ್ತಿಚಿತ್ರಗಳನ್ನು ಪ್ರತಿ ಮಾಡಿದರು. ಅಲ್ಲಿಯೂ ಗುಂಪುಗಳೇ: ಆಸ್ಥಾನ, ಮೆರವಣಿಗೆ, ಬೀದಿ. ಅಂದರೆ ಅವರ ಜಗಳ ಪ್ರತಿ ಮಾಡುವುದರೊಂದಿಗೆ ಇರಲಿಲ್ಲ. ತಾವು ಆರಿಸಿಕೊಳ್ಳದ್ದನ್ನು, ಏಕೆಂದು ತಿಳಿಯದೆ, ಅಂಕಕ್ಕಾಗಿ ತಿದ್ದುವುದರೊಂದಿಗೆ ಇತ್ತು. ಆ ಜಗಳ ಇವತ್ತಿಗೂ ನ್ಯಾಯವಾದದ್ದೇ. ಲೆರ್ಮಿತ್‌ನನ್ನು ಆರಿಸಿಕೊಂಡವರು ಅವನ ಪ್ಯಾರಿಸ್ಸಿಗೆ ಒಕ್ಕಲಾಗಬೇಕಿಲ್ಲ. ಎಣ್ಣೆಬಣ್ಣವೆಂಬ ಸಾಮಗ್ರಿ ಹೇಗೂ ಆ ಕಡೆಯಿಂದ ಬಂದದ್ದು; ಅದರ ವ್ಯಾಕರಣ ಬಲ್ಲವರ ಬಳಿ ಅದನ್ನು ಕಲಿಯುವುದರಲ್ಲಿ ಗುಲಾಮಗಿರಿ ಏನಿದೆ?

ಬಾಗಿಲು ತೆರೆದರೆ ಕೆ.ಆರ್. ಮಾರ್ಕೆಟ್ ಇದೆ, ದೇವರಾಜ ಮಾರುಕಟ್ಟೆ ಇದೆ, ಅಲ್ಲಿ ಹೋಗಿ ಬರೆಯದೆ ಇನ್ನೊಬ್ಬನ ಸಂತೆಯನ್ನು ಏಕೆ ಬರೆಯಬೇಕು ಎಂಬ ಪ್ರಶ್ನೆ ನನಗೆ ಎಲ್ಲಕ್ಕಿಂತ ಹೆಚ್ಚು ಗೌರವಾರ್ಹವಾಗಿ ಕಾಣುತ್ತದೆ. ಕೊನೆಗೆ ಹೋಗಬೇಕಾದದ್ದು ಅಲ್ಲಿಗೇ. ತೊಡಕೆಂದರೆ ನಿಜವಾದ ಮಾರುಕಟ್ಟೆ ನಿಲ್ಲುವುದಿಲ್ಲ; ಹೂವಿನವಳು ತಿರುಗುತ್ತಾಳೆ, ತಳ್ಳುಗಾಡಿ ಅಡ್ಡ ಬರುತ್ತದೆ, ಅರ್ಧ ಗಂಟೆಯಲ್ಲಿ ಬಿಸಿಲು ಜಾಗ ಬದಲಿಸುತ್ತದೆ. ಅದನ್ನು ಹಿಡಿಯಲಾಗದೆ ಹೆಚ್ಚಿನವರು ಮಾಡುವುದೇನು? ಮೊಬೈಲ್ ತೆಗೆದು ಫೋಟೊ ಹೊಡೆದುಕೊಂಡು ಬಂದು ಆ ಫೋಟೊವನ್ನು ಬರೆಯುತ್ತಾರೆ. ಪ್ರತಿ ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಯಲ್ಲಿ ಒಂದು ಸುತ್ತು ಹಾಕಿದರೆ ಫೋಟೊ ನೋಡಿ ಬರೆದ ಚಿತ್ರಗಳು ಬೇಕಾದಷ್ಟು ಸಿಗುತ್ತವೆ. ವಿಚಿತ್ರವೆಂದರೆ ಅವನ್ನು ಯಾರೂ ನಕಲು ಎನ್ನುವುದಿಲ್ಲ. ಯಂತ್ರದ ಚಿತ್ರವನ್ನು ನೋಡಿ ಬರೆದರೆ ಸ್ವಂತದ್ದು, ಮನುಷ್ಯನ ಚಿತ್ರವನ್ನು ನೋಡಿ ಬರೆದರೆ ಕದ್ದದ್ದು! ಕ್ಯಾಮೆರಾ ಯಾವುದನ್ನೂ ಆರಿಸುವುದಿಲ್ಲ. ಪ್ಲಾಸ್ಟಿಕ್ ಕವರಿಗೂ ಮುದುಕಿಯ ಕೈಗೂ ಅದು ಕೊಡುವ ಗಮನ ಒಂದೇ. ಲೆರ್ಮಿತ್‌ನ ಚಿತ್ರದಲ್ಲಿ ಪ್ರತಿಯೊಂದು ತೇಪೆಯೂ ಒಬ್ಬ ಪಳಗಿದ ಮನುಷ್ಯ ತೆಗೆದುಕೊಂಡ ನಿರ್ಧಾರ. ಅದನ್ನು ತಿರುಗಿ ಹಾಕುವಾಗ ಆ ನಿರ್ಧಾರ ಏಕೆಂದು ಕೇಳಿಕೊಳ್ಳಬಹುದು. ಫೋಟೊವನ್ನು ಎಷ್ಟು ಕೇಳಿದರೂ ಅದಕ್ಕೆ ಹೇಳಲು ಉತ್ತರವಿಲ್ಲ. ಲೆರ್ಮಿತ್‌ನ ಗುರು ಲಕೋಕ್ ದ ಬುವಾಬೋದ್ರಾಂ ಒಂದು ಹೆಜ್ಜೆ ಮುಂದೆ ಹೋಗಿದ್ದ. ಎದುರಿಗಿರುವುದನ್ನು ದಿಟ್ಟಿಸಿ ಮನಸ್ಸಿನಲ್ಲಿ ಕೂರಿಸಿಕೊಂಡು, ಆಮೇಲೆ ಮೂಲ ಇಲ್ಲದೆ ನೆನಪಿನಿಂದ ಬರೆಯುವ ಅಭ್ಯಾಸವನ್ನು ಆತ ಶಿಷ್ಯರಿಗೆ ಮಾಡಿಸುತ್ತಿದ್ದ. ಅದರ ಬಗ್ಗೆ ಪುಸ್ತಕವನ್ನೇ ಬರೆದ. ಶಿಲ್ಪಿ ರೋದ್ಯಾಂ, ಮೇಲೆ ಹೇಳಿದ ಫಾಂತ್ಯಾಂ ಲಾತೂರ್ ಅವನ ಶಿಷ್ಯರೇ. ಓಡುವ ಸಂತೆಯನ್ನು ಹಿಡಿಯಲು ಬೇಕಾದದ್ದು ಇಂಥ ನೆನಪು. ನಿಂತ ಚಿತ್ರದ ಮುಂದೆ ಅದನ್ನು ಬೆಳೆಸಿಕೊಳ್ಳದವರಿಗೆ ಓಡುವ ಜನರ ಮುಂದೆ ಅದು ಸಿಕ್ಕೀತೇ?

ಪ್ಯಾರಿಸ್ಸಿಗೆ ಹೋಗಲಾಗದವರು ಮೊಬೈಲ್ ಪರದೆಯಿಂದ ಏನು ಕಲಿತಾರು ಎಂಬ ಮಾತೂ ಬರುತ್ತದೆ. ಪ್ಯಾರಿಸ್ ನಗರದ ಸಂಗ್ರಹಾಲಯಗಳು 2020ರಲ್ಲಿ ಹಕ್ಕಿನ ಅವಧಿ ಮುಗಿದ ತಮ್ಮ ಕೃತಿಗಳ ಲಕ್ಷಕ್ಕೂ ಹೆಚ್ಚು ಛಾಯಾಚಿತ್ರಗಳನ್ನು ಉಚಿತವಾಗಿ ಬಿಟ್ಟುಕೊಟ್ಟಿವೆ, ಹಾಗಾಗಿ ಒಳ್ಳೆಯ ಚಿತ್ರ ಸಿಗದ ಕಾಲ ಇದಲ್ಲ. ಆದರೂ ಪರದೆಯಲ್ಲಿ ಬಣ್ಣದ ದಪ್ಪ ಕಾಣುವುದಿಲ್ಲ, ಪದರ ಕಾಣುವುದಿಲ್ಲ. ಇದು ನಿಜವಾದ ನಷ್ಟ. ವ್ಯಾನ್ ಗೋ ಸಾಂ ರೆಮಿಯ ಆಸ್ಪತ್ರೆಯಲ್ಲಿದ್ದಾಗ ಮಿಲ್ಲೆಯ ರೈತಚಿತ್ರಗಳ ಕಪ್ಪು ಬಿಳುಪು ಮುದ್ರಣಗಳನ್ನಷ್ಟೇ ಇಟ್ಟುಕೊಂಡು ಇಪ್ಪತ್ತರಷ್ಟು ಪ್ರತಿಗಳನ್ನು ತನ್ನದೇ ಬಣ್ಣದಲ್ಲಿ ಬರೆದ. ಇಲ್ಲದ ಬಣ್ಣವೇ ಅವನಿಗೆ ಕೆಲಸ ಕೊಟ್ಟಿತು. ಪದರ ಹೇಗಿರುತ್ತದೆಂದು ನೋಡಲು ಮೈಸೂರಿಗೆ ಹೋದರೂ ಸಾಕು. ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಮೂಲ ತೈಲವರ್ಣಗಳಿವೆ. ಅಂಬಾವಿಲಾಸ ಅರಮನೆಯ ಕಲ್ಯಾಣಮಂಟಪದ ಗೋಡೆಗಳ ಮೇಲೆ ದಸರಾ ಮೆರವಣಿಗೆಯ ಸಾಲು ಸಾಲು ಚಿತ್ರಗಳಿವೆ. ಮೈಸೂರಿನ ಕಲಾವಿದರು ಫೋಟೊಗಳನ್ನು ಆಧಾರವಾಗಿಟ್ಟುಕೊಂಡು ಬರೆದ ಆ ಗುಂಪುಗಳಲ್ಲಿ ಎಲ್ಲಿ ಫೋಟೊ ಮಾತಾಡುತ್ತದೆ, ಎಲ್ಲಿ ಚಿತ್ರಕಾರ ಮಾತಾಡುತ್ತಾನೆ ಎಂದು ಹುಡುಕುವುದೇ ಒಂದು ದಿನದ ಪಾಠ. ಅಲ್ಲಿ ನೋಡಲು ಬರುವವರು ಹೆಚ್ಚಾಗಿ ಚಿನ್ನದ ಅಂಬಾರಿಯನ್ನಷ್ಟೇ ನೋಡಿ ಮುಂದೆ ಹೋಗುತ್ತಾರೆ.

ಉಳಿದದ್ದು ಪ್ರಾಮಾಣಿಕತೆಯ ಪ್ರಶ್ನೆ, ಅದಕ್ಕೆ ಉದ್ದ ವಾದ ಬೇಕಿಲ್ಲ. ಇವತ್ತಿಗೂ ಲೂವ್ರ್‌ನಲ್ಲಿ ಪ್ರತಿ ಮಾಡಲು ಅನುಮತಿ ಪಡೆದವರ ಕ್ಯಾನ್ವಾಸ್ ಮೂಲದ ಅಳತೆಯದ್ದಾಗಿರಬಾರದು, ಚಿತ್ರಕಾರನ ಸಹಿಯನ್ನು ಇಳಿಸಿಕೊಳ್ಳಬಾರದು. ನಮ್ಮ ಮನೆಗಳಲ್ಲೂ ಈ ಎರಡು ಕಟ್ಟಳೆ ಸಾಕು. ಮೂರನೆಯದನ್ನು ಸೇರಿಸಬಹುದು: ಭಾರತದ ಕಾನೂನಿನಲ್ಲಿ ಚಿತ್ರಕಾರ ತೀರಿಕೊಂಡು 60 ವರ್ಷ ಕಳೆಯುವವರೆಗೆ ಅವನ ಕೃತಿಯ ಹಕ್ಕು ಉಳಿದಿರುತ್ತದೆ, ಆದ್ದರಿಂದ ಈಗಿನವರ ಚಿತ್ರವನ್ನು ಬಿಟ್ಟು ಹಳಬರ ಬಳಿಗೆ ಹೋಗುವುದು ಒಳ್ಳೆಯದು. ಕ್ಯಾನ್ವಾಸಿನ ಹಿಂದೆ ಮೂಲ ಚಿತ್ರಕಾರನ ಹೆಸರು, ಪ್ರತಿ ಮಾಡಿದವರ ಹೆಸರು, ಮುಗಿಸಿದ ತಾರೀಖು ಬರೆದಿಟ್ಟು, ಬಣ್ಣ ಪೂರ್ತಿ ಒಣಗುವವರೆಗೆ ಗೋಡೆಗೆ ಆನಿಸಿ ಬಿಟ್ಟರಾಯಿತು. ಒಣಗುವಷ್ಟರಲ್ಲಿ ಒಂದು ಬೆಳಿಗ್ಗೆ ಸ್ಕೆಚ್ ಪುಸ್ತಕ ಮಾತ್ರ ಹಿಡಿದು, ಮೊಬೈಲನ್ನು ಮನೆಯಲ್ಲೇ ಬಿಟ್ಟು, ದೇವರಾಜ ಮಾರುಕಟ್ಟೆಯ ಹೂವಿನ ಸಾಲಿಗೆ ಹೋಗಿ ನಿಲ್ಲಬಹುದು. ಎಲ್ಲರ ಕಣ್ಣುಗಳು ಯಾವ ರೇಖೆಯ ಮೇಲಿವೆ, ಯಾವ ಮುಖಕ್ಕೆ ಎರಡೇ ತೇಪೆ ಸಾಕು ಎಂದು ಹುಡುಕುತ್ತ.